ಈಗ ಬಳಸುತ್ತಿರುವ ಕಂಪ್ಯೂಟರ್

ಲೈಸೆನ್ಸ್ ಇಲ್ಲ ಎಂದಿತು ಕಂಪ್ಯೂಟರು. ಪರದೆಯ ಬಲಮೂಲೆಯಲ್ಲಿ ಮಬ್ಬು ಅಕ್ಷರಗಳು. ಅಚ್ಯುತ ಅವನ್ನು ಬೆರಳಿನಿಂದ ಒಮ್ಮೆ ಒರೆಸಿಯೂ ನೋಡಿದ.

ಮದರ್‌ಬೋರ್ಡನ್ನು ಅವನೇ ಬದಲಾಯಿಸಿದ್ದ. ಭಾನುವಾರದ ಬೆಳಗ್ಗೆಯೆಲ್ಲ ಗುಜರಾತಿ ಪೇಪರು ಹಾಸಿಕೊಂಡು, ವಿಡಿಯೋ ನೋಡಿ ನೋಡಿ ಸ್ಕ್ರೂ ತಿರುಗಿಸಿದ್ದ. ಹಳೆಯದು ಕೆಟ್ಟಿರಲಿಲ್ಲ, ನಿಧಾನವಾಗಿತ್ತು ಅಷ್ಟೆ. ಆದರೆ ಅದನ್ನು ಹಾಕಿದವನು ಲಿಂಗರಾಜ.

ಬ್ಯಾಂಕು ಅಚ್ಯುತನನ್ನು ಸೂರತ್ತಿಗೆ ಎತ್ತಿಹಾಕಿದಾಗ ಹೆಂಡತಿ, ಮಗಳು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಫ್ಲ್ಯಾಟಿನಲ್ಲೇ ಉಳಿದಿದ್ದರು. ಅವನು ಸೂರತ್ತಿನ ಅಡಾಜಣ್‌ನ ಬಾಡಿಗೆ ಕೋಣೆಯಿಂದ ರಜೆಗೊಮ್ಮೆ ರೈಲು ಹತ್ತಿ ಬರುತ್ತಿದ್ದ. ಬಂದಾಗಲೆಲ್ಲ ಮನೆಯಲ್ಲಿ ಏನೋ ಒಂದು ರಿಪೇರಿಯಾಗಿರುತ್ತಿತ್ತು. ಗೀಸರು, ಬಾಗಿಲ ಚಿಲಕ, ಕೊನೆಗೆ ಕಂಪ್ಯೂಟರು. ಯಾರು ಮಾಡಿದ್ದು ಎಂದರೆ ಲಿಂಗರಾಜ. ಎದುರು ಬ್ಲಾಕಿನ ಒಂಟಿ ವಿಜ್ಞಾನಿ, ಧಾರವಾಡದವನು, ಉಪಕಾರಿ. ಈಗ ವರ್ಗವಾಗಿ ಅಚ್ಯುತ ಮರಳಿ ಬಂದಿದ್ದ. ಮನೆಯಲ್ಲಿ ಕೆಟ್ಟದ್ದು ಏನೂ ಉಳಿದಿರಲಿಲ್ಲ.

"ಲೈಸೆನ್ಸ್ ಹೋಯ್ತು," ಎಂದ.

ಸುಮಿತ್ರಾ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. "ಲಿಂಗರಾಜ್ ಅವ್ರನ್ನ ಕೇಳಿ. ಅವ್ರ ಅಕೌಂಟಲ್ಲೇ ಹಾಕಿದ್ರು."

"ನಮ್ಮನೆ ಕಂಪ್ಯೂಟರ್ ಅವನ ಅಕೌಂಟಲ್ಲಿ ಯಾಕೆ?"

"ಆಗ ನೀವಿರ್ಲಿಲ್ಲ."

ನಿಜವೇ. ನಿಜವಾದ್ದರಿಂದಲೇ ಮೈ ಉರಿಯಿತು. ಇದು ಹೊಟ್ಟೆಕಿಚ್ಚು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದ ಕಿಚ್ಚೇನೂ ಕಡಿಮೆಯಾಗಲಿಲ್ಲ.

ಗಂಡ ಫೋನು ಮಾಡುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವಳೇ ಲಿಂಗರಾಜನಿಗೆ ಮಾಡಿದಳು.

"ಏನಿಲ್ರೀ, ಇವ್ರು ಏನೋ ಬದಲಿ ಮಾಡ್ಯಾರ... ಹೌದ್ರೀ, ನಾಷ್ಟಾ ಆತ್ರೀ." ಏನು ಹೇಳಿದನೋ, ನಕ್ಕಳು.

ಮೈಸೂರಿನವಳ ಬಾಯಲ್ಲಿ ಧಾರವಾಡ. ಇಷ್ಟು ವರ್ಷ ಸಂಸಾರ ಮಾಡಿದರೂ ತನ್ನ ಒಂದೇ ಒಂದು ಮಾತು ಅವಳಿಗೆ ಅಂಟಿದ್ದು ಅಚ್ಯುತನಿಗೆ ನೆನಪಾಗಲಿಲ್ಲ.

ಅವಳು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ನಮಸ್ಕಾರ್ರೀ ಸರ," ಎಂದ ಲಿಂಗರಾಜ. "ಒಳಗಿಂದು ಬದಲಾಗ್ಯದಲ್ರೀ, ಅದಕ್ಕ ಗುರ್ತು ಹತ್ತವಲ್ದು. ನನ್ನ ಅಕೌಂಟಿಗೆ ಹೋಗಿ, ಈಗ ಬಳಸೋ ಕಂಪ್ಯೂಟರ್ ಇದೇ ಅಂತ ಒತ್ತಿಬಿಡ್ರಿ. ಮುಗೀತು."

"ಪಾಸ್‌ವರ್ಡು?"

"ಅಕ್ಕಾರಿಗೆ ಗೊತ್ತದರೀ."

ಅಕ್ಕಾರು ಎಂಬ ಮಾತು ಸಮಾಧಾನ ತರಬೇಕಿತ್ತು. ತರಲಿಲ್ಲ. ಎಷ್ಟು ಸಲೀಸಾಗಿ ಅಂದುಬಿಟ್ಟ ಎಂದುಕೊಂಡ.

ಸುಮಿತ್ರಾ ಕೈ ಒರೆಸಿಕೊಂಡು ಬಂದು ಅವನ ಭುಜದ ಮೇಲಿಂದ ಬಾಗಿದಳು. ಸೀರೆಗೆ ತೊಗರಿಯ ಹಸಿ ವಾಸನೆ. ಕೀಲಿಮಣೆ ನೋಡದೆಯೇ ಬಡಿದಳು. ಈಗ ಬಳಸುತ್ತಿರುವುದು ಇದೇ ಎಂಬಲ್ಲಿ ಗುರುತು ಹಾಕಿದಳು. ಕಂಪ್ಯೂಟರು ಒಪ್ಪಿಕೊಂಡಿತು. ಮೂಲೆಯ ಅಕ್ಷರ ಮಾಯವಾಯಿತು.

"ಆತ್ರೀ," ಎಂದು ಫೋನಿಟ್ಟಳು.

"ಏನದು ಪಾಸ್‌ವರ್ಡ್?"

"ಏನೋ ಉದ್ದಕ್ಕಿದೆ. ಬೆರಳಿಗೆ ಗೊತ್ತು, ಬಾಯಿಗೆ ಬರಲ್ಲ."

ಅವನು ಬೇರೇನೋ ಕೇಳಬೇಕೆಂದಿದ್ದ. "ತೊಗರಿಕಾಯಿ ಸಾರಿಗಾ?" ಎಂದ.

"ಕಚೋರಿಗೆ."

"ಯಾರಿಗೆ?"

"ಎಲ್ರಿಗೂ," ಎಂದು ಅಡುಗೆಮನೆಗೆ ಹೋದಳು.

ತನ್ನ ಕೈಯಿಂದಲೂ ಏನಾದರೂ ಆಗಲಿ ಎಂದು ಅಚ್ಯುತ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದ. ಮೊದಲಾದರೆ ತೆರೆಯುವಾಗ ಪರದೆಯ ಮೇಲೆ 'ಮನೆ' ಎಂದಷ್ಟೇ ಬರುತ್ತಿತ್ತು. ಈಗ, ಅವನ ಅಕೌಂಟಿಗೆ ಹೋಗಿ ಬಂದದ್ದಕ್ಕೋ ಏನೋ, ಒಂದು ದುಂಡನೆಯ ಫೋಟೋ ಬಂತು. ಲಿಂಗರಾಜ, ಎಲ್ಲೋ ಬೆಟ್ಟದ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ನಗುತ್ತಿದ್ದ. ಕೆಳಗೆ ಅವನ ಹೆಸರು. ಅದರ ಕೆಳಗೆ ಪಾಸ್‌ವರ್ಡಿನ ಖಾಲಿ ಚೌಕ. ಅಚ್ಯುತ ತನ್ನ ಹಳೆಯ ಪಾಸ್‌ವರ್ಡು ಹೊಡೆದ. ತಪ್ಪು ಎಂದಿತು.

ಮಗಳು ಸಂಹಿತಾ ಹಾದುಹೋಗುತ್ತಾ ಇಣುಕಿದಳು. "ಅರೆ, ಲಿಂಗು ಅಂಕಲ್. ಮಮ್ಮೀನ ಕರೀಲಾ, ಪಪ್ಪಾ?"

"ಬೇಡ."

"ಶೀ ನೋಸ್ ಇಟ್."

"ಬೇಡ ಅಂದೆನಲ್ಲ."

ಒಳಗೆ ಎಣ್ಣೆ ಚುರುಗುಟ್ಟಿತು. ಅವನು ಕೈಕಟ್ಟಿ ಕುಳಿತ. ಸ್ವಲ್ಪ ಹೊತ್ತಿಗೆ ಪರದೆ ತಾನಾಗಿ ಕಪ್ಪಾಯಿತು. ಫೋಟೋ ಇದ್ದಲ್ಲಿ ತನ್ನದೇ ಮುಖ ಕಂಡಿತು, ಕಣ್ಣಿಲ್ಲ, ಬರೀ ಆಕಾರ. ಗಾಬರಿಯಾಗಿ ಒಂದು ಕೀಲಿ ಒತ್ತಿದ. ಲಿಂಗರಾಜ ನಕ್ಕ. ಅಚ್ಯುತ ಕಾದ. ಮತ್ತೆ ಕಪ್ಪು, ಮತ್ತೆ ತಾನು. ಕಾಲಬುಡದ ಡಬ್ಬದೊಳಗೆ, ಅವನೇ ಕೂರಿಸಿದ ಹೊಸ ಬೋರ್ಡಿನ ಮೇಲೆ, ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು.