ಸೊಕ್ಕಲ್ಲ ಅಣ್ಣ, ಅದು ಸೊಕ್ಕಲ್ಲ

ದರ್ಜಿಯ ಮಗಳಿಗೆ ಬೀದಿಯವರು ಇಟ್ಟ ಹೆಸರು ಬುಗುರಿ. ಎಂಟು ವರ್ಷದ ಹುಡುಗಿ, ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು. ಈಗ ಶಾಲೆಯವರು ಹೇಳಿಕಳಿಸಿದ್ದರು: ಮುಂದಿನ ತಿಂಗಳಿಂದ ಕಳಿಸಬೇಡಿ, ಬೇರೆ ಮಕ್ಕಳಿಗೆ ತೊಂದರೆ. ಇಷ್ಟು ಚಿಕ್ಕ ಮಗುವಿನ ಮುಖಕ್ಕೆ ಬಾಗಿಲು ಹಾಕುವುದು ಎಷ್ಟು ಸುಲಭ ನೋಡಿ! ದರ್ಜಿಗೂ ರೋಸಿಹೋಗಿತ್ತು.

ಅವನು ಹೊಲಿಗೆ ಯಂತ್ರ ತುಳಿಯುತ್ತಲೇ ಕೂಗಿದ.

"ಲೇ, ನೀಲಿ ದಾರ ತಾ. ಬರ್ತಾ ನಲ್ಲಿ ನಿಲ್ಲಿಸು. ಪಕ್ಕದ ಮನೆ ಅತ್ತೆಗೆ ಅಂಗಿ ಆಗಿದೆ ಅನ್ನು."

ಮಗಳು ಓಡಿದಳು. ನಲ್ಲಿ ನಿಲ್ಲಿಸಿ ಬರಿಗೈಲಿ ಬಂದಳು. ದರ್ಜಿ ಮರದ ಸ್ಕೇಲು ಎತ್ತಿದ. ಕೋಟು ಸರಿಮಾಡಿಸಲು ಬಂದಿದ್ದ ಹಳೇ ಗಿರಾಕಿ, ಆಸ್ಪತ್ರೆಯ ನರ್ಸಮ್ಮ ಅದನ್ನು ಗಪ್ಪನೆ ಹಿಡಿದಳು.

"ಬಿಡಿ ನರ್ಸಮ್ಮ, ಸೊಕ್ಕು ಇದಕ್ಕೆ. ನಾಲ್ಕು ಬಿಟ್ರೆ ಸರಿಹೋಗುತ್ತೆ."

"ಎರಡು ವರ್ಷದಿಂದ ಬಿಡ್ತಿದ್ದೀರಲ್ಲ ಅಣ್ಣ, ಸರಿಹೋಯ್ತಾ?"

ನರ್ಸಮ್ಮ ಕಪಾಟಿನ ಬಟ್ಟೆಗಳ ಕಡೆ ಕೈ ತೋರಿಸಿದಳು. ಒಂದೊಂದಕ್ಕೂ ಒಂದು ಚೀಟಿ ಚುಚ್ಚಿತ್ತು.

"ಇವೇನು?"

"ಅಳತೆ ಚೀಟಿ. ಅಷ್ಟೂ ನೆನಪಿರುತ್ತಾ ಮನುಷ್ಯಂಗೆ?"

"ನಿಮಗೆ ನೆನಪಿರಲ್ಲ ಅಂದ್ರೆ ಚೀಟಿ, ಮಗೂಗೆ ನೆನಪಿರಲ್ಲ ಅಂದ್ರೆ ಏಟು! ಯಾವ ನ್ಯಾಯ ಇದು? ಎ.ಡಿ.ಎಚ್.ಡಿ. ಅಂತ ಒಂದಿದೆ. ಗಮನ ಒಂದು ಕಡೆ ನಿಲ್ಲಲ್ಲ, ಮೈ ಸುಮ್ಮನಿರಲ್ಲ. ಮಿದುಳು ಕೆಲಸ ಮಾಡೋ ರೀತೀನೇ ಬೇರೆ. ಮಗೂದು ತಪ್ಪಲ್ಲ, ನೀವು ಬೆಳೆಸಿದ ತಪ್ಪೂ ಅಲ್ಲ. ಇವಳಿಗೆ ಅದೇನಾ ಅಂತ ನಾನು ಹೇಳಕ್ಕಾಗಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲೀವರೆಗೆ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಮಾಡಿದ ತಕ್ಷಣ ಭೇಷ್ ಅನ್ನಿ."

ದರ್ಜಿ ಅರೆಮನಸ್ಸಿನಿಂದಲೇ ಕರೆದ. "ಪುಟ್ಟೀ, ನೀಲಿ ದಾರ."

ದಾರ ಬಂತು.

"ಭೇಷ್."

ಅಪ್ಪ ಯಾರಿಗೆ ಹೇಳುತ್ತಿದ್ದಾನೆಂದು ಹುಡುಗಿ ಹಿಂದಕ್ಕೆ ತಿರುಗಿ ನೋಡಿದಳು. ದರ್ಜಿಗೆ ತನ್ನ ಮೇಲೇ ಕೆಟ್ಟ ಸಿಟ್ಟು ಬಂತು.

ಅದೇ ವಾರ ಅವನು ಮಗಳನ್ನು ಮಕ್ಕಳ ಡಾಕ್ಟರಿಗೆ ತೋರಿಸಿದ. ಡಾಕ್ಟರು ಮನೆಯವರನ್ನೂ ಶಾಲೆಯವರನ್ನೂ ವಿಚಾರಿಸಿ, ಎ.ಡಿ.ಎಚ್.ಡಿ. ಹೌದೆಂದರು. ಮರುದಿನ ದರ್ಜಿ ಮಗಳ ಕೈಹಿಡಿದು ಹೆಡ್ಮೇಷ್ಟ್ರ ಮುಂದೆ ನಿಂತ.

"ಸ್ವಾಮಿ, ಇವಳನ್ನ ಮುಂದಿನ ಬೆಂಚಲ್ಲಿ ಕೂರಿಸಿ. ನಡುನಡುವೆ ಎದ್ದು ಓಡಾಡಕ್ಕೆ ಬಿಡಿ. ಎರಡು ವರ್ಷ ಹೊಡೆದ ಪಾಪಿ ನಾನು. ನೀವು ಬಾಗಿಲು ಹಾಕಿ ಅದಕ್ಕಿಂತ ದೊಡ್ಡ ತಪ್ಪು ಮಾಡಬೇಡಿ. ಇವಳು ಈ ಶಾಲೇಲೇ ಓದ್ತಾಳೆ."

ಹೆಡ್ಮೇಷ್ಟ್ರು ತಲೆ ತಗ್ಗಿಸಿ, ಹಾಜರಿ ಪುಸ್ತಕ ತರಿಸಿ, ಮುಂದಿನ ತಿಂಗಳ ಪಟ್ಟಿಗೂ ಅವಳ ಹೆಸರು ಬರೆದರು.

ಅಪ್ಪಂದಿರೇ, ಅಮ್ಮಂದಿರೇ, ಮೇಷ್ಟ್ರೇ, ನಿಮ್ಮ ಕಣ್ಣೆದುರೂ ಇಂಥ ಮಗುವಿದ್ದರೆ ಕೋಲು ಕೆಳಗಿಡಿ. ಸೋಮಾರಿ, ಸೊಕ್ಕಿನವಳು ಎಂದು ಹೆಸರಿಡುವ ಮೊದಲು ಡಾಕ್ಟರಿಗೆ ತೋರಿಸಿ. ಹೊಡೆದು ಸರಿಹೋಗುವ ಹಾಗಿದ್ದರೆ ಈ ಮಕ್ಕಳೆಲ್ಲ ಎಂದೋ ಸರಿಹೋಗಿರುತ್ತಿದ್ದರು.