ಸಂಶಯಪ್ಪನ ಕಿವಿ

ನಿಂತ ಪ್ರೊಪೆಲರಿನ ಎದುರು ಅವರು ಎಂದೂ ಹಾದುಹೋದವರಲ್ಲ. ಎಂಜಿನ್ ಆರಿಸಿ, ಕೀಲಿಯನ್ನು ತಮ್ಮ ಜೇಬಿಗೇ ಹಾಕಿಕೊಂಡಿದ್ದರೂ ವಿಮಾನದ ಮೂತಿಯನ್ನು ದೂರದಿಂದ ಬಳಸಿಕೊಂಡೇ ಆಚೆ ಹೋಗುವರು. ಸ್ವಿಚ್ಚಿಗೂ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೂ ನಡುವಿನ ತಂತಿಯೊಂದು ಒಳಗೊಳಗೇ ತುಂಡಾಗಿದ್ದರೆ ಆರಿಸಿದ ಎಂಜಿನ್ನೂ ಆರಿರುವುದಿಲ್ಲ, ಅಲಗನ್ನು ಕೈಯಿಂದ ತುಸು ತಿರುಗಿಸಿದರೂ ಕಿಡಿ ಹಾರಿ ಅದು ಎದುರಿದ್ದವರ ಮೇಲೆ ಬೀಸಬಹುದು ಎಂಬುದು ಅವರ ಸಮಜಾಯಿಷಿ. ಆ ಬಳಸು ನಡಿಗೆ ಎಷ್ಟು ಮೈಗೂಡಿತ್ತೆಂದರೆ ನಮ್ಮ ಮನೆಗೆ ಬಂದಾಗ ನಿಂತ ಟೇಬಲ್ ಫ್ಯಾನಿಗೂ ಅದೇ ಮರ್ಯಾದೆ ಸಲ್ಲುತ್ತಿತ್ತು. ನನ್ನ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವರು ಮಾತ್ರ ನಗುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯವರು. ಊರಾಚೆಯ ಪುಟ್ಟ ಹಾರಾಟ ಶಾಲೆಯಲ್ಲಿ ಲಘು ವಿಮಾನಗಳ ಮೆಕ್ಯಾನಿಕ್. ಅದರಲ್ಲೂ ಕಿಡಿಗೆ ಸಂಬಂಧಿಸಿದ ಕಾಯಿಲೆಗಳಿಗೆ ಅವರೇ ವೈದ್ಯರು. ಬಣ್ಣಗೆಟ್ಟ ಬೂದು ಕೋಟಿನ ಎಡಜೇಬಿನಲ್ಲಿ ಸದಾ ಹಳೆಯ ಸ್ಪಾರ್ಕ್ ಪ್ಲಗ್ಗುಗಳು ತುಂಬಿರುತ್ತಿದ್ದುದರಿಂದ ಎಡಭುಜ ತುಸು ಜೋತು, ಯಾರದೋ ಪಿಸುಮಾತಿಗೆ ಕಿವಿಗೊಟ್ಟವರಂತೆ ವಾಲಿಕೊಂಡು ನಡೆಯುತ್ತಿದ್ದರು. ಈ ಹೊತ್ತು ಸೆಕೆ ಜಾಸ್ತಿ ಎಂದರೂ, ನಿಮ್ಮ ಕೋಟಿನ ಗುಂಡಿ ಕಿತ್ತಿದೆ ಎಂದರೂ ಅವರ ಉತ್ತರ ಒಂದೇ: ‘ಇರಬಹುದು, ಇರಬಹುದು.’ ವಿಮಾನ ನಿಲ್ಲಿಸುವ ಹ್ಯಾಂಗರಿನವರು ಅವರಿಗೆ ಸಂಶಯಪ್ಪ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನಿಲ್ಲ.

ಅವರ ಸಂಶಯಕ್ಕೆ ಒಂದು ಶಿಸ್ತಿತ್ತು. ಇಂಥ ಎಂಜಿನ್ನಿಗೆ ಮ್ಯಾಗ್ನೆಟೊಗಳು ಎರಡು. ಒಂದು ಕೈಕೊಟ್ಟರೆ ಇನ್ನೊಂದು ಕಿಡಿ ಕೊಡಬೇಕು. ಹಾರುವ ಮೊದಲು ಒಂದನ್ನು ಆರಿಸಿ, ಇನ್ನೊಂದರಲ್ಲೇ ಓಡಿಸಿ, ವೇಗ ಎಷ್ಟು ಕುಸಿಯಿತೆಂದು ನೋಡುವುದು ವಾಡಿಕೆ. ಇತರರು ಮೀಟರಿನ ಮುಳ್ಳನ್ನು ನೋಡಿದರೆ ಇವರು ಕಣ್ಣು ಮುಚ್ಚಿ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಅನುಮಾನ ಬಂದರೆ ಒಂದು ಸಿಲಿಂಡರಿನ ಪ್ಲಗ್ಗನ್ನು ಇನ್ನೊಂದಕ್ಕೆ ಹಾಕಿ, ರೋಗ ಪ್ಲಗ್ಗಿನ ಜೊತೆ ಹೋಯಿತೋ ಅಲ್ಲೇ ಉಳಿಯಿತೋ ಎಂದು ಕಾಯುವರು. ಒಟ್ಟಿಗೆ ಎರಡು ಭಾಗ ಬದಲಿಸುವವರನ್ನು ಕಂಡರೆ ಅವರಿಗಾಗದು. ಎಂಜಿನ್ ವಾಸಿಯಾದರೂ ಯಾವುದರಿಂದ ವಾಸಿಯಾಯಿತೆಂದು ತಿಳಿಯದ ವಾಸಿ ಅವರ ಲೆಕ್ಕಕ್ಕಿಲ್ಲ. ‘ಇದು ಹಾರೋದು ಬೇಡ’ ಎಂದು ಅವರು ಕೈ ಒರೆಸಿಕೊಂಡರೆ ಶಾಲೆಯ ಯಜಮಾನರೂ ಎದುರಾಡುತ್ತಿರಲಿಲ್ಲ.

ಅವರ ಒಬ್ಬಳೇ ಮಗಳು ಅದೇ ಶಾಲೆಯಲ್ಲಿ ಹಾರಾಟ ಕಲಿತಳು. ಲೈಸೆನ್ಸಿನ ಪರೀಕ್ಷೆಗೆ ದೂರದಿಂದ ಬರುವ ಪರೀಕ್ಷಕರು ಅಪರೂಪದ ಅತಿಥಿ. ಒಮ್ಮೆ ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು. ಆ ಬೆಳಿಗ್ಗೆ ಹುಡುಗಿ ಬೆಲ್ಟು ಬಿಗಿದು ಕುಳಿತು ಎಂಜಿನ್ ಓಡಿಸಿದಳು. ಪಕ್ಕದಲ್ಲಿ ಪರೀಕ್ಷಕರು. ಮುಳ್ಳು ಇರಬೇಕಾದಲ್ಲೇ ಇತ್ತು. ಅಪ್ಪ ಕಣ್ಣು ಮುಚ್ಚಿ ನಿಂತಿದ್ದವರು ಎರಡೂ ಕೈ ಎತ್ತಿ ಎಂಜಿನ್ ಆರಿಸಲು ಸನ್ನೆ ಮಾಡಿದರು. ಬಲಗಡೆಯ ಮ್ಯಾಗ್ನೆಟೊ ತಡವರಿಸುತ್ತಿದೆ, ಹಾರುವುದು ಬೇಡ ಎಂದರು. ಶಾಲೆಯ ಇನ್ನೊಂದು ವಿಮಾನ ರಿಪೇರಿಗೆಂದು ಬಿಚ್ಚಿಕೊಂಡು ಬಿದ್ದಿತ್ತು. ಪರೀಕ್ಷಕರು ಗಡಿಯಾರ ನೋಡಿಕೊಂಡು ಹೊರಟುಹೋದರು.

ಆಮೇಲೆ ಹುಡುಕಿದರೆ ದೋಷವಿಲ್ಲ. ಪ್ಲಗ್ಗು ತೆಗೆದರು, ತಂತಿ ನೋಡಿದರು, ಮ್ಯಾಗ್ನೆಟೊ ಬಿಚ್ಚಿದರು, ಎಲ್ಲವೂ ಸರಿಯಾಗಿತ್ತು. ಹ್ಯಾಂಗರಿನಲ್ಲಿ ಗುಸುಗುಸು ಶುರುವಾಯಿತು: ಅಪ್ಪನಿಗೆ ಮಗಳು ನೆಲ ಬಿಡುವುದು ಬೇಕಿಲ್ಲ, ಕಿವಿಯೊಂದು ನೆಪ. ಮಗಳು ಅಪ್ಪನೊಡನೆ ಮಾತು ಬಿಟ್ಟಳು. ಅವರ ಮಾತಿನ ಮೇಲೆ ಎಷ್ಟೋ ಮಂದಿ ತಮ್ಮ ಪ್ರಾಣವಿಟ್ಟು ಹಾರಿದ್ದರು. ಈಗ ಆ ಮಾತೇ ಪಣಕ್ಕೆ ಬಿದ್ದಿತ್ತು.

ಒಂದು ಮಧ್ಯಾಹ್ನ ಅವರು ಬಟ್ಟೆಯಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಮ್ಯಾಗ್ನೆಟೊದೊಳಗಿನ ಕಾಯಿಲ್, ತಂತಿಯ ಸುರುಳಿ. ತಣ್ಣಗಿದ್ದಾಗ ಸಾಧುವಾಗಿದ್ದು ಬಿಸಿಯಾದಾಗ ಬುದ್ಧಿ ತೋರಿಸುವ ಕಾಯಿಲ್‌ಗಳುಂಟಂತೆ. ನಮ್ಮ ಓವನ್ ಬೇಕಿತ್ತು. ಬ್ರೆಡ್ ಸುಡುವ ತಟ್ಟೆಯಲ್ಲಿ ಅದನ್ನಿಟ್ಟು ನನ್ನ ಹೆಂಡತಿ ಮುಖ ಸಿಂಡರಿಸಿದಳು. ಆದರೂ ಪಕ್ಕದ ಮನೆಗೆ ಹೋಗಿ ಹುಡುಗಿಯನ್ನು ಕೈಹಿಡಿದು ಕರೆತಂದಳು. ಹುಡುಗಿ ಬಾಗಿಲಲ್ಲೇ ನಿಂತಳು. ಅವರು ಬಿಸಿ ಕಾಯಿಲನ್ನು ಊಟದ ಮೇಜಿನ ಮೇಲಿಟ್ಟು ಮೀಟರಿನ ಕಡ್ಡಿಗಳನ್ನು ತಾಗಿಸಿದರು. ತಣ್ಣಗಿದ್ದಾಗ ಚುರುಕಾಗಿ ಏಳುತ್ತಿದ್ದ ಮುಳ್ಳು ಅಲುಗಲಿಲ್ಲ. ಕೂದಲೆಳೆಯಂಥ ತಂತಿ ಒಳಗೆ ಎಲ್ಲೋ ತುಂಡಾಗಿತ್ತು. ಕಾವಿಗೆ ಹಿಗ್ಗಿ ಬಾಯಿಬಿಡುತ್ತಿತ್ತು, ತಣಿದರೆ ಮತ್ತೆ ಕೂಡಿಕೊಳ್ಳುತ್ತಿತ್ತು.

ನನಗೆ ಎದೆ ಹಗುರಾಯಿತು. ಹುಡುಗಿಯ ಕಣ್ಣು ತುಂಬಿತ್ತು.

‘ನೀನು ಹೇಳಿದ್ದೇ ನಿಜ ಆಯ್ತಲ್ಲಪ್ಪ’ ಎಂದಳು.

ಅವರು ತಲೆ ಎತ್ತಲಿಲ್ಲ. ‘ಇಲ್ಲಮ್ಮ. ಆವತ್ತು ಎಂಜಿನ್ ತಣ್ಣಗಿತ್ತು, ಚೆನ್ನಾಗೇ ಓಡ್ತಿತ್ತು. ನನಗೇನೂ ಕೇಳಿಸಲಿಲ್ಲ. ಒಳಗೆ ನೀನು ಕೂತಿದ್ದೆ. ಹೆದರಿಕೆ ಆಯ್ತು, ಬೇಡ ಅಂದುಬಿಟ್ಟೆ.’

‘ಮತ್ತೆ ಇಷ್ಟು ದಿನ ಹುಡುಕಿದ್ದು?’

‘ಹೇಳಿದ ಸುಳ್ಳನ್ನ ನಿಜ ಮಾಡೋಕೆ.’

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳ ಪ್ರೀತಿ, ಹ್ಯಾಂಗರಿನ ಗೌರವ ಎರಡೂ ಆ ಮೇಜಿನ ಮೇಲೆ ಅವರ ಕೈಗೆಟುಕುವಂತಿದ್ದವು. ಹುಡುಗಿ ಹೊರಟುಹೋದಳು. ನನಗೆ ಅವರ ಮೇಲೆ ಸಿಟ್ಟು ಬಂತು. ಹೀಗೂ ಒಬ್ಬ ಮನುಷ್ಯ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವುದುಂಟೆ? ಮರುದಿನ ಅದನ್ನೇ ಅವರು ಹ್ಯಾಂಗರಿನಲ್ಲೂ ಎಲ್ಲರೆದುರು ಹೇಳಿದರು. ಮಗಳು ಹಾರಿಸುವ ವಿಮಾನವನ್ನು ಇನ್ನು ಮೇಲೆ ಇನ್ನೊಬ್ಬ ಮೆಕ್ಯಾನಿಕ್ ನೋಡಲಿ, ತಾನು ಮುಟ್ಟುವುದಿಲ್ಲ ಎಂದು ಯಜಮಾನರಿಂದ ಒಪ್ಪಿಗೆ ಪಡೆದರು. ಪರೀಕ್ಷಕರು ಮತ್ತೆ ಬಂದ ದಿನ ಹುಡುಗಿ ಹಾರಿದಳು, ಗೆದ್ದಳು. ಇವರು ಅಷ್ಟು ಹೊತ್ತೂ ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರೆಂದು ಕೇಳಿದೆ. ಅವಳು ಇಳಿದು ನೇರವಾಗಿ ಅಲ್ಲಿಗೇ ಹೋದಳಂತೆ. ಏನು ಮಾತಾಡಿಕೊಂಡರೋ ಯಾರಿಗೂ ಗೊತ್ತಿಲ್ಲ.

ನಾವೆಲ್ಲ ಹೇಗೋ ಒಂದು ತೀರ್ಮಾನಕ್ಕೆ ಬಂದಿರುತ್ತೇವೆ. ಕಾಲ ಕೆಲವೊಮ್ಮೆ ಕರುಣೆಯಿಂದ ಅದನ್ನು ಸರಿಯೆಂದು ತೋರಿಸಿದರೆ, ಮೊದಲೇ ತಿಳಿದಿತ್ತೆಂಬಂತೆ ಮೀಸೆ ತಿರುವುತ್ತೇವೆ. ಅದೃಷ್ಟವಶಾತ್ ಸಿಕ್ಕ ಸತ್ಯವನ್ನು ತನ್ನದಲ್ಲವೆಂದು ಹಿಂದಿರುಗಿಸುವವರು ಬೆರಳೆಣಿಕೆಯ ಮಂದಿ. ಅಂಥವರ ಜೊತೆ ಬಾಳುವುದು ಸುಖವಲ್ಲ, ಮನೆಯವರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಅವರು ‘ಸರಿ ಇದೆ’ ಎಂದ ದಿನ, ಮತ್ತೇನನ್ನೂ ಕೇಳದೆ ಹತ್ತಿ ಕೂರಬಹುದು.