ಕಚ್ಚದ ಎಲೆ

ನೂರು ಮೀಟರಿನ ಆಯ್ಕೆಯ ಓಟಕ್ಕೆ ಇನ್ನು ಹತ್ತೇ ನಿಮಿಷ. ಟಮೋಯಾ ಕಾಲುಚೀಲದೊಳಗೆ ಬೆರಳಿಟ್ಟು, ಎರಡೂ ಎಲೆ ಇವೆಯೇ ಎಂದು ಮುಟ್ಟಿ ನೋಡಿಕೊಂಡಳು. ಮೊದಲ ಇಬ್ಬರು ಕಿಂಗ್‌ಸ್ಟನ್ನಿನ ಕ್ರೀಡಾಕೂಟಕ್ಕೆ, ಮೂರನೆಯವಳು ಮನೆಗೆ. ಹಿಂದಿನ ಎರಡು ವರ್ಷವೂ ಆ ಮೂರನೆಯವಳು ಇವಳೇ. ಶಾಲೆಯಲ್ಲಿ ಇದು ಕೊನೆಯ ವರ್ಷ.

ಎಂಬತ್ತು ಮೀಟರಿನವರೆಗೆ ಅವಳನ್ನು ಹಿಡಿಯುವವರಿರಲಿಲ್ಲ. ಆಮೇಲೆ ಪಕ್ಕದಲ್ಲಿ ಇನ್ನೊಬ್ಬಳ ಉಸಿರು ಕೇಳಿತೋ, ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ದವಡೆಯ ಬಿಗಿ ಭುಜಕ್ಕಿಳಿದು, ಕಾಲು ಕೊರಡಾಗುತ್ತಿತ್ತು.

ಅದನ್ನು ಬಿಡಿಸಲು ಮಿಸ್ ಐಸಿಲ್ಡಾ ಪಟ್ಟ ಪಾಡು ಒಂದೆರಡಲ್ಲ. ಮೂವತ್ತು ವರ್ಷ ಆ ಶಾಲೆಯ ಹುಡುಗಿಯರನ್ನು ಓಡಿಸಿದ ಹೆಂಗಸು. ಮೊಣಕಾಲುದ್ದ ಸಮುದ್ರದಲ್ಲಿ ಓಡಿಸಿದರು. ಕೆಂಪು ಮಣ್ಣಿನ ಇಳಿಜಾರಿನಲ್ಲಿ ಬಿಟ್ಟರು. ಕೊನೆಗೊಂದು ದಿನ ಹಿತ್ತಲಿನ ಪಿಮೆಂಟೊ ಮರದಿಂದ ಎಲೆ ಕಿತ್ತು ಅವಳ ಹಲ್ಲುಗಳ ನಡುವೆ ಇಟ್ಟರು.

"ಬೀಳಿಸ್ಬಾರ್ದು, ಕಚ್ಚಲೂಬಾರ್ದು. ಓಡು."

ಶುಗರಿನಿಂದ ಅವರ ಕಣ್ಣು ಮಂಜಾಗಿತ್ತು. ಓಡಿ ಬಂದವಳಿಂದ ಎಲೆ ಇಸಿದುಕೊಂಡು ಮೂಗಿಗೆ ಹಿಡಿಯುತ್ತಿದ್ದರು. ಕೋಳಿ ಸುಡುವಾಗ ಕೆಂಡಕ್ಕೆ ಹಾಕುವ ಎಲೆ ಅದು; ಹಲ್ಲು ಊರಿದರೆ ಸಾಕು, ಲವಂಗದಂಥ ಘಮಲು ಬಿಡುತ್ತದೆ.

"ಕಚ್ಚಿದೀಯ ಕಣೇ. ನನ್ನ ಕಣ್ಣು ಹೋಗಿದೆ, ಮೂಗಲ್ಲ. ಇನ್ನೊಂದು ಸಲ."

ಅವರ ಕುರ್ಚಿ ಇವತ್ತು ಮೈದಾನದ ಅಂಚಿನಲ್ಲಿ ಖಾಲಿಯಿತ್ತು. ಮಂಗಳವಾರ ಆಸ್ಪತ್ರೆಗೆ ಸೇರಿಸಿದ್ದರು. ಪಾದದ ಹುಣ್ಣು ಮಾಯಲಿಲ್ಲ. ನಾಳೆ ಮೊಣಕಾಲ ಕೆಳಗೆ ಕಾಲು ತೆಗೆಯುತ್ತಾರೆ. ಟಮೋಯಾ ಒಂದು ಎಲೆ ತೆಗೆದು ಹಲ್ಲುಗಳ ನಡುವೆ ಇಟ್ಟುಕೊಂಡಳು.

"ಮೇಕೆ ಬಂತು ನೋಡ್ರೇ! ಮೇವು ತಂದಿದೀಯೇನೇ?" ಪಕ್ಕದ ಸಾಲಿನಿಂದ ಡೆಜೆನೇ ನಕ್ಕಳು. ಹೋದ ವರ್ಷ ಗೆದ್ದವಳು.

ಹೊಸ ಆಟದ ಮೇಷ್ಟ್ರು ಹಿಬರ್ಟ್ ಹತ್ತಿರ ಬಂದರು. "ಅದನ್ನ ಉಗುಳಮ್ಮ. ಗಂಟಲಿಗೆ ಸಿಕ್ಕಿಕೊಂಡ್ರೆ ನಿಮ್ಮಮ್ಮನಿಗೆ ಏನಂತ ಹೇಳ್ಲಿ ನಾನು?"

"ನುಂಗಲ್ಲ ಸರ್."

ಅವಳು ಕುರ್ಚಿಯ ಕಡೆ ನೋಡಿದಳು. ಮೇಷ್ಟ್ರೂ ನೋಡಿದರು. ಹಿಂದೆ ಸರಿದು ನಿಂತರು.

ಸೀಟಿ ಕೇಳಿತು. ಹುಲ್ಲಿನ ಮೇಲೆ ಇಂಜಿನ್ನಿನ ಸುಟ್ಟ ಎಣ್ಣೆಯಲ್ಲಿ ಬಳಿದ ಕಪ್ಪು ಗೆರೆಗಳು ಎರಡೂ ಕಡೆ ಹರಿದುಹೋದವು. ಎಂಬತ್ತರಲ್ಲಿ ಡೆಜೆನೇಯ ಉಸಿರು ಬಂತು, ಅವಳ ಹಿಂದೆ ಮತ್ತೊಬ್ಬಳದು. ಎಲೆ ನಾಲಿಗೆಯ ತುದಿಯಲ್ಲಿ ನಡುಗಿತು. ಟಮೋಯಾ ದವಡೆಯನ್ನು ಜೋತುಬಿಟ್ಟಳು. ಡೆಜೆನೇ ದಾಟಿ ಹೋದಳು, ಹೋಗಲಿ. ಮತ್ತೊಬ್ಬಳು ದಾಟಲಿಲ್ಲ.

ಎರಡನೆಯವಳು.

ಎಲೆಯನ್ನು ಅವಳು ಬಾಯಿಂದ ತೆಗೆಯಲೇ ಇಲ್ಲ. ಹಾಗೆಯೇ ಒಯ್ದು ಮಿಸ್ ಐಸಿಲ್ಡಾ ಕೈಗೆ ಕೊಡಬೇಕೆಂದು ನೇರ ಟ್ಯಾಕ್ಸಿ ಹತ್ತಿದಳು. ಹಿಂದಿನ ಸೀಟಿನಲ್ಲಿ ನಾಲ್ಕು ಜನ, ಒಬ್ಬರ ತೊಡೆಗೊಬ್ಬರ ತೊಡೆ ಒತ್ತಿಕೊಂಡು. ಆಸ್ಪತ್ರೆಯ ಗೋಡೆ ಕಂಡಿತು. ಆ ಕಾಲನ್ನು ತೆಗೆದು ಎಲ್ಲಿಡುತ್ತಾರೆ ಎಂಬ ಯೋಚನೆ ಎಲ್ಲಿಂದಲೋ ಬಂದುಬಿಟ್ಟಿತು. ಹಲ್ಲು ತಾನಾಗಿ ಕೂಡಿಕೊಂಡಿತು.

"ಯಾರಪ್ಪಾ ಟ್ಯಾಕ್ಸೀಲೇ ಕೋಳಿ ಸುಡ್ತಿರೋದು?" ಎಂದ ಡ್ರೈವರ್. ಎಲ್ಲರೂ ನಕ್ಕರು.

ಹಾಸಿಗೆಯ ಮೇಲಿದ್ದ ಮಿಸ್ ಐಸಿಲ್ಡಾ ಹೆಜ್ಜೆಯ ಸದ್ದಿಗೇ ಕೈ ಚಾಚಿದರು. ಎಲೆ ಮೂಗಿಗೆ ಹೋಯಿತು. ಮುಖ ಸಣ್ಣದಾಯಿತು.

"ಕಚ್ಚಿದೀಯ."

"ಓಟದಲ್ಲಲ್ಲ ಮಿಸ್. ಎರಡನೇಯವಳಾಗಿ ಬಂದೆ. ಗೆರೆ ದಾಟಿದ ಮೇಲೂ ಕಚ್ಚಿರ್ಲಿಲ್ಲ." ಅವಳ ಕಣ್ಣು ಹೊದಿಕೆಯಡಿಯ ಆ ಕಾಲಿನ ಕಡೆ ಹೋಯಿತು. "ಟ್ಯಾಕ್ಸೀಲಿ… ಆಸ್ಪತ್ರೆ ಕಂಡಾಗ."

ಮುದುಕಿ ಎಲೆಯನ್ನು ದಿಂಬಿನಡಿ ಇಟ್ಟುಕೊಂಡರು.

"ಇನ್ನೊಂದು ಇರುತ್ತಲ್ಲ ನಿನ್ಹತ್ರ?"

ಟಮೋಯಾ ಬಗ್ಗಿ ಕಾಲುಚೀಲದಿಂದ ತೆಗೆದುಕೊಟ್ಟಳು.

"ಬೆಳಿಗ್ಗೆ ಏಳಕ್ಕೆ ಕರ್ಕೊಂಡು ಹೋಗ್ತಾರಂತೆ," ಎಂದು ಅವರು ಆ ಎಲೆಯನ್ನು ತಮ್ಮ ಹಲ್ಲುಗಳ ನಡುವೆ ಇಟ್ಟುಕೊಂಡು, ದವಡೆಯನ್ನು ಮೆಲ್ಲಗೆ ಸಡಿಲ ಬಿಟ್ಟರು.

ಟಮೋಯಾ ಹತ್ತಿರ ಬಾಗಿ ಮೂಸಿದಳು. ವಾಸನೆ ಬರಲಿಲ್ಲ.